ಬಿಳಿ ಐದು

ಕೂಲರ್ ಆರಿಸಿದೆ. ಫ್ಯಾನೂ ಆರಿಸಿದೆ.
ಮೊಸರಿಗೆ ಮನಸಲ್ಲೇ ಕ್ಷಮೆ ಕೇಳಿ
ಫ್ರಿಜ್ಜಿನ ವೈರು ಕಿತ್ತೆ.
ಏಪ್ರಿಲ್ಲಿನ ಕಲಬುರಗಿ, ಮಧ್ಯಾಹ್ನ ಮೂರು,
ಕಿಟಕಿಗೆ ಕೌದಿ, ಬಾಗಿಲ ಸಂದಿಗೆ ಹಳೇ ಟವೆಲ್ಲು.
ಮೈಕಿನ ಮುಂದೆ ಬೆವರುತ್ತ ಓದಿದೆ:
ಅಧ್ಯಾಯ ಏಳು, ಬಹಮನಿ ರಾಜ್ಯದ ಸ್ಥಾಪನೆ.
ಆಮೇಲೆ ಕೇಳಿದರೆ
ನನ್ನ ದನಿಯ ಕೆಳಗೆ ಇನ್ನೊಬ್ಬರು
ಬಾಯಿ ಮುಚ್ಚಿಕೊಂಡೇ ಓದುತ್ತಿದ್ದಾರೆ.
ಗುಂಂಂ.

ಕೋರ್ಟಿನೆದುರು ಅಫಿಡವಿಟ್ ಟೈಪಿಸುವವಳು ನಾನು.
ಇಪ್ಪತ್ತೆರಡು ವರ್ಷ ಕೀಲಿಗಳ ಗದ್ದಲ ಕುಡಿದ ಕಿವಿಗೆ
ಇದು ಸದ್ದೇ ಅಲ್ಲ.
ಜಗದೇವಿಯ ಕಿವಿ ಹಾಗಲ್ಲ.
ಕಣ್ಣು ಕಾಣದ ಹುಡುಗಿ, ಬಿ.ಎ. ಎರಡನೇ ವರ್ಷ,
ಓಣಿಯ ಭಜನೆಗೆ ಪೇಟಿ ಹಿಡಿಯುವವಳು.
ಪಾಠ ಕೇಳಿ ಫೋನಿನಲ್ಲಿ ಅಂದಳು:
"ಛಲೋ ಓದೀರಿ ಅಕ್ಕೋರೆ. ಖರೆ,
ಹಿಂದ ಬಿಳಿ ಐದು ಯಾರು ಹಿಡಕೊಂಡು ಕುಂತಾರ?
ಒಂದು ಕೂದಲೆಳಿಯಷ್ಟು ಏರೇ ಅದ ನೋಡ್ರಿ, ಸುರ."

ಸೂಪರ್ ಮಾರ್ಕೆಟಿಗೆ ಹೋಗಿ ಹೊಸ ಕೇಬಲ್ ತಂದೆ.
ಬಿಳಿ ಐದು.
ವೈರಿಗೆ ಕಚ್ಚಿಸಲು ಅಂಗಡಿಯವ ಒಂದು ಕಪ್ಪು ಗುಂಡು ಕೊಟ್ಟ,
ದೃಷ್ಟಿಮಣಿ ಕೊಟ್ಟಷ್ಟೇ ಭರವಸೆಯಿಂದ.
ಬಿಳಿ ಐದು.
ಮೈಕನ್ನು ಮಾನಿಟರಿನಿಂದ ದೂರ ಒಯ್ದೆ,
ಮುನಿಸಿಕೊಂಡ ನಾದಿನಿಯಂತೆ ಸಣ್ಣ ದನಿಯಾಯಿತು,
ಮನೆ ಬಿಟ್ಟು ಹೋಗಲಿಲ್ಲ.

ಒಂದು ದಿನ, ಏನೂ ತೋಚದೆ,
ಸಿಪಿಯುವಿನ ತಗಡಿಗೆ ಎಡಗೈ ಆನಿಸಿದೆ.
ನಿಂತಿತು.
ಕೈ ತೆಗೆದೆ, ಗುಂಂ. ಇಟ್ಟೆ, ಇಲ್ಲ.
ಬರಿಗಾಲು ಫರಸಿಯ ಮೇಲಿತ್ತು;
ಚಪ್ಪಲಿ ಮೆಟ್ಟಿ ನೋಡಿದೆ, ಮತ್ತೆ ಗುಂಂ.
ಹೀಗೇ ಎರಡು ಅಧ್ಯಾಯ ಓದಿದೆ
ಬರಿಗಾಲಲ್ಲಿ, ಕೂಸಿನ ಜ್ವರ ನೋಡುವವಳಂತೆ
ತಗಡಿನ ಮೇಲೆ ಅಂಗೈ ಇಟ್ಟು,
ಬೆರಳ ತುದಿಯಲ್ಲಿ ಇರುವೆ ಹರಿದಂತೆ ಝುಂ ಝುಂ.
ಹಾಳೆ ತಿರುವಲು ಇನ್ನೊಂದೇ ಕೈ.

ಖಾಜಾಮೈನುದ್ದೀನ್ ಬಂದ, ಕಿವಿಯ ಮೇಲೆ ಟೆಸ್ಟರು.
ತಗಡಿಗೆ ಮುಟ್ಟಿಸಿದ, ಒಳಗೆ ಮಂಕು ಕೆಂಪು ಹೊತ್ತಿತು.
"ಅಯ್ಯ, ಇಷ್ಟು ದಿನ ನೀವೇ ಅರ್ಥಿಂಗ್ ಆಗಿ ಕುಂತೀರಲ್ರೀ!"
ಬೋರ್ಡು ಬಿಚ್ಚಿದ. ಹಸಿರು ವೈರು ಇತ್ತು.
ಗೋಡೆಯೊಳಗೆ ಇಳಿದು, ಹಿತ್ತಲ ಹೌದಿನ ಪಕ್ಕ ಎದ್ದು
ಕಬ್ಬಿಣದ ಕೊಳವೆಯೊಂದಕ್ಕೆ ಸುತ್ತಿಕೊಂಡಿತ್ತು, ನಿಯತ್ತಿನಿಂದ.
ಸುತ್ತಲ ಕರಿಮಣ್ಣು ಒಣಗಿ
ಹಸ್ತ ಇಳಿಯುವಷ್ಟು ಬಾಯಿ ಬಿಟ್ಟಿತ್ತು.
ಕೊಳವೆ ನೆಲದೊಳಗಿತ್ತು.
ನೆಲವನ್ನು ಮುಟ್ಟಿರಲಿಲ್ಲ.

ಇದ್ದಿಲು ಸುರಿದ. ಉಪ್ಪು ಸುರಿದ,
ವರ್ಷದ ಉಪ್ಪಿನಕಾಯಿಗೆ ಸಾಕಾಗುವಷ್ಟು.
ನಾಲ್ಕು ಕೊಡ ನೀರು ಗುಟುಗುಟು ಇಳಿಯಿತು.
"ಬ್ಯಾಸಗ್ಯಾಗ ದಿನಾ ಒಂದು ಬಕೀಟ್ ಹಾಕ್ರಿ, ಗಿಡ ಅಂತ ತಿಳಕೊಂಡು."
"ನಳ ಬರೋದೇ ಐದು ದಿನಕ್ಕೊಮ್ಮೆ, ಖಾಜಾ."
"ಭಾಂಡಿ ತೊಳದದ್ದು ಹಾಕ್ರಿ. ಅದೇನು ಮಾರಿ ಕಿವಚಂಗಿಲ್ಲ."

ಆ ರಾತ್ರಿ ಅಧ್ಯಾಯ ಹತ್ತು.
ದನಿಯ ಕೆಳಗೆ ಯಾರೂ ಇರಲಿಲ್ಲ.
ಉಗುಳು ನುಂಗಿದ್ದು, ಬಳೆ ಮೇಜಿಗೆ ತಾಗಿದ್ದು,
'ಸಾರ್ವಭೌಮತ್ವ'ದಲ್ಲಿ ನಾಲಿಗೆ ಎಡವಿದ್ದು,
ಎಲ್ಲ ಬತ್ತಲೆ.

ಜಗದೇವಿ ಎರಡು ಸಲ ಕೇಳಿದಳಂತೆ.
"ಅಕ್ಕೋರೆ, ಒಂದೊಂದು ಹಾಳಿ ತಿರುವಿದ್ದೂ ಕೇಳಸ್ತದ ಈಗ.
ಎಂಟನೇ ಪಾಠದಾಗ ಒಂದು ಹಾಳಿ ದಪ್ಪ ಕೇಳಿಸಿತ್ತು,
ಯಾಕಂತ ಈಗ ತಿಳೀತು.
ಎರಡು ಕೂಡೇ ತಿರುವೀರಿ.
ನಿಮ್ಮ ಪಾಠದಾಗ ಮಹಮೂದ್ ಗಾವಾನ್ ಸತ್ತೇ ಇಲ್ಲ!"

ಪುಸ್ತಕ ತೆಗೆದೆ. ಹೌದು.
ನನ್ನದೇ ಬೆವರಿಗೆ ನೂರಹನ್ನೆರಡು, ನೂರಹದಿಮೂರು
ಅಂಟಿಕೊಂಡು ಕೂತಿವೆ.
ಬೀದರಿನಲ್ಲಿ ಮದರಸಾ ಕಟ್ಟಿಸಿ
ಇನ್ನೂ ಓಡಾಡಿಕೊಂಡಿದ್ದಾನೆ ಮನುಷ್ಯ.
ಸುಳ್ಳು ಪತ್ರ ಇನ್ನೂ ಯಾರೂ ಬರೆದಿಲ್ಲ,
ಸುಲ್ತಾನನಿಗೆ ಇನ್ನೂ ಸಿಟ್ಟು ಬಂದಿಲ್ಲ.

ಹುಡುಗಿಗೆ ಗುರುವಾರ ಪರೀಕ್ಷೆ.

ಹಿತ್ತಲಿಗೆ ಹೋಗಿ ಕೊಳವೆಗೆ ಒಂದು ಬಕೀಟು ಸುರಿದು,
ಕೈ ಒರೆಸಿಕೊಂಡು,
ಹಾಳೆಗಳನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ,
ಮೈಕ್ ಹಚ್ಚಿ ಕೂತೆ.
ಒಂದೂವರೆ ನಿಮಿಷ ಹಿಡಿಯಿತು
ಅವನನ್ನು ಕೊಲ್ಲಲು,
ಒಂದಕ್ಷರವೂ ಎಡವದೆ.